ವಯಸ್ಸಾದದ್ದು ಕೊನೆಗೆ ಗೊತ್ತಾಗೋದು ನಮಗೇ

ವಯಸ್ಸಾಗೋದು ಹುಟ್ಟುಹಬ್ಬದ ದಿನ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ. ಆವತ್ತು ಕೇಕು, ಫೋನು, ಆಫೀಸಿನವರೆಲ್ಲ ಸೇರಿ ಅಪಸ್ವರದಲ್ಲಿ ಹಾಡೋ ಹಾಡು. ಇಷ್ಟರ ಮಧ್ಯೆ ವಯಸ್ಸಿನ ಕಡೆ ನೋಡೋಕೆ ಯಾರಿಗೆ ಪುರುಸೊತ್ತು? ನಿಜವಾಗಿ ವಯಸ್ಸಾಗೋದು ಯಾವುದೋ ಮಂಗಳವಾರ ಮಧ್ಯಾಹ್ನ. ಶಾಂಪೂ ಬಾಟಲಿಯ ಹಿಂದಿರೋ ಸಣ್ಣ ಅಕ್ಷರ ಓದೋಕೆ ಹೋದಾಗ. ನೆಲಕ್ಕೆ ಬಿದ್ದ ಪೆನ್ನನ್ನ ಈಗಲೇ ಎತ್ತಿಕೊಳ್ಳೋದಾ, ಇನ್ನೊಂದೇನಾದ್ರೂ ಬೀಳೋವರೆಗೂ ಕಾದು ಎರಡನ್ನೂ ಒಟ್ಟಿಗೇ ಎತ್ತಿಕೊಳ್ಳೋದಾ ಅಂತ ಲೆಕ್ಕ ಹಾಕುವಾಗ.

ಇದರಲ್ಲಿ ಅನ್ಯಾಯ ಏನಂದ್ರೆ, ನಮಗೆ ವಯಸ್ಸಾದ ಸುದ್ದಿ ನಮಗೆ ಬಿಟ್ಟು ಊರಿಗೆಲ್ಲ ಮೊದಲೇ ಗೊತ್ತಿರತ್ತೆ. ಬಸ್ಸಿನ ಕಂಡಕ್ಟರ್‌ಗೆ ಗೊತ್ತು, ಲಿಫ್ಟಿನಲ್ಲಿ ಸಿಗೋ ಪಕ್ಕದ ಫ್ಲ್ಯಾಟಿನ ಹುಡುಗನಿಗೆ ಗೊತ್ತು. ನಮ್ಮ ಯೂಟ್ಯೂಬಿಗೂ ಗೊತ್ತು ಅಂತ ಕಾಣತ್ತೆ, ಇಲ್ಲದಿದ್ರೆ ಮೊಣಕಾಲು ನೋವಿಗೆ ಏಳು ಆಸನಗಳು ಅಂತ ತಾನಾಗೇ ಯಾಕೆ ತೋರಿಸತ್ತೆ?

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ಸುದ್ದಿ ಮುಟ್ಟಿಸೋಕೆ ಒಂದು ಏಣಿಯನ್ನೇ ಮಾಡಿಟ್ಟಿದ್ದಾರೆ. ಪಾಪು, ಪುಟ್ಟಿ, ಅಕ್ಕ, ಮೇಡಂ, ಆಂಟಿ, ಅಮ್ಮ, ಅಜ್ಜಿ. ಗಂಡಸರ ಏಣಿ ಬೇರೆ: ಮಗಾ, ಗುರು, ಅಣ್ಣ, ಸಾರ್, ಅಂಕಲ್, ಯಜಮಾನ್ರೇ, ತಾತ. ಈ ಏಣಿಯಲ್ಲಿ ಹತ್ತೋದು ಮಾತ್ರ ಇದೆ, ಇಳಿಯೋದಿಲ್ಲ. ಯಾವ ಮೆಟ್ಟಿಲಲ್ಲಿ ನಿಂತಿದೀವಿ ಅಂತ ತೀರ್ಮಾನ ಮಾಡೋರು ನಾವಲ್ಲ, ಎದುರಿಗಿರೋರು. ನಮ್ಮ ರಸ್ತೆಗೆ ಗಾಡಿ ತಳ್ಳಿಕೊಂಡು ಬರೋ ತರಕಾರಿಯವನು ಮಾತ್ರ ಇದಕ್ಕೆ ಹೊರತು. ಅವನು ಹದಿನೆಂಟರವರಿಗೂ ಅಕ್ಕಾ, ಎಪ್ಪತ್ತರವರಿಗೂ ಅಕ್ಕಾ. ಎದುರುಮನೆಯ ಅಜ್ಜಿ ಮೂರನೇ ಮಹಡಿಯಿಂದ ಇಳಿದು ಬಂದು ಅವನ ಹತ್ರಾನೇ ಅವರೆಕಾಯಿ ತಗೊಳ್ಳೋದು ಯಾಕೆ ಅಂತ ನನಗೀಗ ಅರ್ಥವಾಗಿದೆ.

ನನಗೆ ಮೇಡಂನಿಂದ ಆಂಟಿಗೆ ಬಡ್ತಿ ಸಿಕ್ಕಿದ್ದು ನಮ್ಮ ಮೆಟ್ರೋದಲ್ಲಿ. ಬನಶಂಕರಿಯಲ್ಲಿ ಹತ್ತಿದ್ದೆ, ಇಳಿಯಬೇಕಿದ್ದದ್ದು ಮೆಜೆಸ್ಟಿಕ್. ಹೆಗಲಲ್ಲಿ ಲ್ಯಾಪ್‌ಟಾಪು, ಕಾಲಲ್ಲಿ ಹೊಸ ಸ್ಪೋರ್ಟ್ಸ್ ಶೂ, ಕಿವಿಯಲ್ಲಿ ಹಾಡು. ನನ್ನ ಪ್ರಕಾರ ಇಪ್ಪತ್ತೆಂಟು. ಜಯನಗರ ದಾಟುತ್ತಿದ್ದ ಹಾಗೇ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು, ತುಂಬಾ ಮರ್ಯಾದೆಯಿಂದ, 'ಕೂತ್ಕೊಳ್ಳಿ ಆಂಟಿ' ಅಂದಳು. ಯಾರಪ್ಪ ಈ ಆಂಟಿ ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಬಾಗಿಲಿತ್ತು. ಬಾಗಿಲಿನ ಗಾಜಲ್ಲಿ ಆಂಟಿ ಇದ್ದಳು.

ಈಗ ನೋಡಿ ಧರ್ಮಸಂಕಟ. ಕೂತರೆ ಒಪ್ಪಿಕೊಂಡ ಹಾಗೆ. ಕೂರದಿದ್ರೆ ಆ ಮಗು ಎದ್ದು ನಿಂತಿದ್ದಕ್ಕೆ ಬೆಲೆ ಇಲ್ಲ. 'ಪರವಾಗಿಲ್ಲ ಪುಟ್ಟಿ, ಮುಂದಿನ ಸ್ಟಾಪಲ್ಲಿ ಇಳೀತೀನಿ' ಅಂದೆ. ಅಂದಮೇಲೆ ಇಳಿಯಬೇಕಲ್ಲ? ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿದು, ಇನ್ನೂ ಐದು ಸ್ಟೇಷನ್ ಬಾಕಿ ಇರುವಾಗ, ಮುಂದಿನ ರೈಲಿಗೆ ಕಾಯುತ್ತಾ ನಿಂತೆ. ನಿಂತೂ ನಿಂತೂ ಕಾಲು ನೋಯೋಕೆ ಶುರುವಾಯ್ತು. ಅವಳು ಹೇಳಿದ್ದೇ ಸರಿಯಾಗಿತ್ತು ಅನ್ನೋದು ಬೇರೆ ವಿಷಯ.

ಆಫೀಸಿನಲ್ಲಿ ಇಷ್ಟು ನೇರವಾಗಿ ಹೇಳಲ್ಲ, ಅಲ್ಲಿ ಎಚ್.ಆರ್. ಇದೆ. ಅಲ್ಲಿ ಇಸವಿಗಳು ಬಂದು ಹೇಳತ್ವೆ. ಮೊನ್ನೆ ಊಟದ ಹೊತ್ತಲ್ಲಿ ಸಿನಿಮಾ ಮಾತು ಬಂತು. ನನಗೆ ಮೊದಲ ಕೆಲಸ ಸಿಕ್ಕ ಹೊಸತು, 2006ರ ಡಿಸೆಂಬರ್ ಕೊನೆಯಲ್ಲಿ 'ಮುಂಗಾರು ಮಳೆ' ಬಂದಿತ್ತು, ಪಿ.ಜಿ.ಯ ಹುಡುಗೀರೆಲ್ಲ ಸೇರಿ ಮೂರು ಸಲ ನೋಡಿದ್ವಿ ಅಂತ ಹೇಳ್ತಾ ಇದ್ದೆ. ಹೊಸದಾಗಿ ಸೇರಿದ ಹುಡುಗಿ ಕಣ್ಣರಳಿಸಿ, 'ಹೌದಾ ಮೇಡಂ, ನನಗೂ ಓಲ್ಡ್ ಮೂವೀಸ್ ಅಂದ್ರೆ ತುಂಬಾ ಇಷ್ಟ. ಅದು ನಮ್ಮಮ್ಮನ ಫೇವರಿಟ್' ಅಂದಳು. ನನ್ನ ಬಾಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. ಓಲ್ಡ್ ಮೂವಿ ಅಂದ್ರೆ ನನ್ನ ಪ್ರಕಾರ 'ಕಸ್ತೂರಿ ನಿವಾಸ'. ಕಪ್ಪು ಬಿಳುಪು ಇರಬೇಕು, ಪಾರಿವಾಳ ಇರಬೇಕು, ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳಬೇಕು.

ಆದರೆ ಲೆಕ್ಕ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಸಂಜೆ ಟ್ರಾಫಿಕ್ಕಲ್ಲಿ ಕೂತು ಹಾಕಿ ನೋಡಿದೆ. 'ಮುಂಗಾರು ಮಳೆ' ಬಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. 2006ರಲ್ಲಿ ನಿಂತು ಇಪ್ಪತ್ತು ವರ್ಷ ಹಿಂದಕ್ಕೆ ಹೋದ್ರೆ ಸಿಗೋದು 1986, ಅಂದ್ರೆ 'ಅನುರಾಗ ಅರಳಿತು'. ನನಗೆ ಇಪ್ಪತ್ಮೂರಾಗಿದ್ದಾಗ ಅದು ಅಮ್ಮನ ಕಾಲದ ಸಿನಿಮಾ ಅಂತ ನಾನೂ ಹೀಗೇ ಹೇಳ್ತಿದ್ದೆ. ಆ ಹುಡುಗಿ ಕರಾರುವಾಕ್ಕಾಗಿ ಮಾತಾಡಿದ್ದಳು.

ಇದಕ್ಕಿಂತ ಕ್ರೂರವಾದದ್ದು ಆನ್‌ಲೈನ್ ಅರ್ಜಿಗಳಲ್ಲಿ ಹುಟ್ಟಿದ ಇಸವಿ ಆರಿಸಿಕೊಳ್ಳೋ ಪಟ್ಟಿ. ಅದು ಈ ವರ್ಷದಿಂದ ಶುರುವಾಗತ್ತೆ, ನಿನ್ನೆ ಹುಟ್ಟಿದ ಕೂಸೇ ಬಂದು ಅರ್ಜಿ ತುಂಬತ್ತೆ ಅನ್ನೋ ಹಾಗೆ. ಹೆಬ್ಬೆರಳಲ್ಲಿ ಎಳೀತಾ ಹೋಗಬೇಕು. ಒಂದು ಎಳೆತಕ್ಕೆ 2011, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ಮೆಟ್ರೋ ಓಡಿದ ವರ್ಷ. ಇನ್ನೊಂದಕ್ಕೆ 1999, ದೆಹಲಿಯ ಕೋಟ್ಲಾದಲ್ಲಿ ನಮ್ಮ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ವರ್ಷ. ಮತ್ತೂ ಎಳೆದರೆ 1994, ಉದಯ ಟಿವಿ ಬಂದ ವರ್ಷ. ಇನ್ನೂ ಕೆಳಗೆ, ಇನ್ನೂ ಕೆಳಗೆ. 1983 ಬರೋ ಹೊತ್ತಿಗೆ ಹೆಬ್ಬೆರಳಿಗೆ ಕೂಡ ವಯಸ್ಸಾಗಿರತ್ತೆ.

ಮನೆಯಲ್ಲಾದ್ರೂ ನೆಮ್ಮದಿ ಇದೆಯಾ ಅಂದ್ರೆ, ಅಲ್ಲಿ ನಮ್ಮ ಬಾಯೇ ನಮಗೆ ಶತ್ರು. ಯಾವತ್ತಿನಿಂದ ಅಂತ ಗೊತ್ತಿಲ್ಲ, ಸೋಫಾದ ಮೇಲೆ ಕೂರುವಾಗ 'ಅಮ್ಮಾ...' ಅಂತ ಒಂದು ಉದ್ದನೆಯ ಸದ್ದು ಬರತ್ತೆ. ನಾನು ಬರಿಸೋದಲ್ಲ, ಅದೇ ಬರತ್ತೆ. ಏಳುವಾಗ ಇನ್ನೊಂದು, 'ಉಸ್ಸಪ್ಪಾ'. ಹನ್ನೆರಡು ವರ್ಷದ ಮಗಳು ಇವೆರಡನ್ನೂ ಮಿಮಿಕ್ರಿ ಮಾಡ್ತಾಳೆ. ಮೊನ್ನೆ ಅವಳು ಮೂರು ರೂಮಿನ ಲೈಟೂ ಹಾಕಿಟ್ಟು ಆಡೋಕೆ ಹೋಗಿದ್ದಳು. 'ಕೆಇಬಿ ಏನು ನಿಮ್ಮ ತಾತಂದಾ?' ಅಂತ ಕೂಗಿದೆ. ಕೂಗಿದ ಮೇಲೆ ಗೊತ್ತಾಯ್ತು, ದನಿ ನಂದು, ಮಾತು ನಮ್ಮಮ್ಮಂದು. ಮಗಳು ತಲೆ ಎತ್ತಿ, 'ಕೆಇಬಿ ಅಂದ್ರೆ ಯಾರು?' ಅಂದಳು. ಅವಳ ತಪ್ಪಿಲ್ಲ. ಕೆಇಬಿ 1999ರಲ್ಲೇ ಹೋಗಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೆಂಗಳೂರಿಗೆ ಬೆಸ್ಕಾಂ ಬಂತು. ನಾನು ಮಾತ್ರ ಇಲ್ಲದೇ ಇರೋ ಮಂಡಳಿಯ ಹೆಸರಲ್ಲಿ ಇನ್ನೂ ಮಕ್ಕಳನ್ನ ಹೆದರಿಸ್ತಾ ಇದೀನಿ. ಆಟೋದವರಿಗೆ ಪ್ಲಾಜಾ ಥಿಯೇಟರ್ ಹತ್ರ ಅಂತ ಹೇಳೋದೂ ಹೀಗೇ. ಆ ಥಿಯೇಟರ್ ಇದ್ದ ಜಾಗದಲ್ಲಿ ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ ಎದ್ದು ಎಷ್ಟೋ ವರ್ಷ ಆಯ್ತು.

ಇಷ್ಟೆಲ್ಲ ಆದ್ರೂ ಕಾಗದದ ಮೇಲೆ ಬರೆದು, ಸೀಲು ಒತ್ತಿ ಕೊಟ್ಟವರು ಕಣ್ಣಿನ ಡಾಕ್ಟರು. ಮಾತ್ರೆ ಪಟ್ಟಿಯ ಎಕ್ಸ್‌ಪೈರಿ ಡೇಟು ಓದೋಕೆ ಅದರ ಫೋಟೋ ಹೊಡೆದು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡೋ ಅಭ್ಯಾಸ ನನಗೆ ಶುರುವಾಗಿ ಆರು ತಿಂಗಳಾಗಿತ್ತು. ಅದನ್ನ ನಾನು ತಂತ್ರಜ್ಞಾನ ಅಂದ್ಕೊಂಡಿದ್ದೆ. ಡಾಕ್ಟರು ನನ್ನ ಕೈಗೆ ಒಂದು ಕಾರ್ಡು ಕೊಟ್ಟು ಓದಿ ಅಂದ್ರು. ನಾನು ಅದನ್ನ ಸ್ವಲ್ಪ ದೂರ ಹಿಡಿದೆ. ಇನ್ನೂ ಸ್ವಲ್ಪ ದೂರ. 'ಕೈ ಉದ್ದ ಸಾಲ್ತಾ ಇಲ್ಲ ಅಲ್ವಾ?' ಅಂತ ನಕ್ಕರು. 'ಚಾಳೀಸು.'

ಚಾಳೀಸು! ಈ ಪದವನ್ನ ಅಜ್ಜಿ ಬಾಯಲ್ಲಿ ಕೇಳಿದ್ದೆ, ನನ್ನ ವಿಷಯಕ್ಕೆ ಅನ್ವಯಿಸಬಹುದು ಅಂತ ಹೊಳೆದಿರಲಿಲ್ಲ. ಹಿಂದೂಸ್ತಾನಿಯಲ್ಲಿ ಚಾಲೀಸ್ ಅಂದ್ರೆ ನಲವತ್ತು. ನಲವತ್ತಕ್ಕೆ ಬರೋದಕ್ಕೆ ಅದೇ ಹೆಸರು. ಬೇರೆ ಯಾವ ತೊಂದರೆಗಾದ್ರೂ ಹೀಗೆ ವಯಸ್ಸನ್ನೇ ಹೆಸರಾಗಿ ಇಟ್ಟಿದ್ದಾರಾ ಹೇಳಿ? ಕನ್ನಡಕ ಹಾಕ್ಕೊಂಡ್ರೆ ಹಣೆ ಮೇಲೆ ಡೇಟ್ ಆಫ್ ಬರ್ತ್ ಬರೆಸಿಕೊಂಡ ಹಾಗೆ. 'ಇದು ಯಾವಾಗಿಂದ ಶುರುವಾಗಿರಬಹುದು ಡಾಕ್ಟ್ರೇ? ಲ್ಯಾಪ್‌ಟಾಪ್ ಜಾಸ್ತಿ ನೋಡಿ ಆಗಿರಬಹುದಾ?' ಅಂತ ಆಸೆಯಿಂದ ಕೇಳಿದೆ. ಅವರು ಸಮಾಧಾನವಾಗಿ ವಿವರಿಸಿದರು. ಕಣ್ಣೊಳಗಿನ ಮಸೂರ ಚಿಕ್ಕವರಿದ್ದಾಗ ಮೆತ್ತಗಿರತ್ತೆ, ಹತ್ತಿರದ್ದನ್ನ ನೋಡುವಾಗ ತಾನೇ ಉಬ್ಬಿಕೊಳ್ಳತ್ತೆ. ವರ್ಷ ಹೋದ ಹಾಗೆ ಬಿಗಿಯಾಗ್ತಾ ಬರತ್ತೆ. ಅದು ನಲವತ್ತಕ್ಕೆ ದಿಢೀರಂತ ಆಗೋದಲ್ಲ, ಬಾಲ್ಯದಿಂದಲೇ ಸ್ವಲ್ಪ ಸ್ವಲ್ಪವೇ ಆಗ್ತಾ ಇರತ್ತೆ. ನಲವತ್ತರ ಹೊತ್ತಿಗೆ ಪುಸ್ತಕ ಹಿಡಿಯೋ ದೂರಕ್ಕೂ ಸಾಲದಾಗತ್ತೆ. 'ಮೂವತ್ತು ವರ್ಷದಿಂದ ನಡೀತಾನೇ ಇತ್ತು. ನಿಮಗೆ ಈಗ ಗೊತ್ತಾಯ್ತು, ಅಷ್ಟೆ.'

ಚೀಟಿ ತಂದು ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಹಾಕಿದೆ. ಅಲ್ಲೇ ಇರಲಿ ಅಂತ.

ಇನ್ನು ನಮ್ಮಪ್ಪನ ವಿಷಯಕ್ಕೆ ಬರ್ತೀನಿ. ಅಪ್ಪ ಅಮ್ಮ ಇರೋದು ತಿಪಟೂರಿನಲ್ಲಿ. ಅಪ್ಪನಿಗೆ ಎಪ್ಪತ್ತಾರು. ಅರವತ್ತಕ್ಕೆ ಅರಳು ಮರಳು ಅನ್ನೋ ಗಾದೆಯನ್ನ ನಮ್ಮ ಮನೆಯಲ್ಲಿ ಯಾರೂ ಹೇಳೋ ಹಾಗಿಲ್ಲ. ಅರವತ್ತು ದಾಟಿದವರಿಗೆ ಕೆಎಸ್‌ಆರ್‌ಟಿಸಿ ಟಿಕೆಟ್ಟಲ್ಲಿ 25% ರಿಯಾಯಿತಿ ಇದೆ. ಅಪ್ಪ ಇವತ್ತಿನವರೆಗೂ ಅದನ್ನ ಕೇಳಿ ಪಡೆದವರಲ್ಲ. ಕೇಳಬೇಕಂದ್ರೆ ಕಂಡಕ್ಟರ್ ಮುಂದೆ ಅರವತ್ತಾಗಿದೆ ಅಂತ ಸಾಬೀತು ಮಾಡಬೇಕಲ್ಲ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅಮ್ಮ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬರ್ತಾರೆ, ಪಕ್ಕದಲ್ಲಿ ಅಪ್ಪ ಪೂರ್ತಿ ದುಡ್ಡು ಕೊಟ್ಟು ಬರ್ತಾರೆ. ಮರ್ಯಾದೆ ಅಂದ್ರೆ ಮರ್ಯಾದೆ.

ಹೋದ ದಸರಾ ರಜಕ್ಕೆ ಎಲ್ಲರೂ ಊರಲ್ಲಿ ಸೇರಿದ್ವಿ. ರಾತ್ರಿ ಊಟ ಮುಗಿಸಿ ಹಜಾರದಲ್ಲಿ ಕೂತಿದ್ದಾಗ ಮಗಳು ಫೋನಲ್ಲಿ ಒಂದು ಆಟ ತೆಗೆದಳು. ಸಣ್ಣ ಕೀರಲು ಸದ್ದೊಂದು ಶುರುವಾಗಿ ಮೇಲೆ ಮೇಲೆ ಏರ್ತಾ ಹೋಗತ್ತೆ. ಎಲ್ಲರೂ ಕೈ ಎತ್ತಿರಬೇಕು, ಕೇಳಿಸೋದು ನಿಂತ ತಕ್ಷಣ ಇಳಿಸಬೇಕು. ಇದರ ಹಿಂದಿನ ವಿಷಯ ನಿಜವಾದದ್ದೇ. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪಿಹೋಗೋದು ತೀರಾ ಏರು ಸ್ಥಾಯಿಯ ಸದ್ದುಗಳು. 2005ರ ಹೊತ್ತಿಗೆ ಬ್ರಿಟನ್ನಿನಲ್ಲಿ ಹೋವರ್ಡ್ ಸ್ಟೇಪಲ್ಟನ್ ಅನ್ನೋರು ಇದನ್ನೇ ಬಳಸಿ 'ಮಸ್ಕಿಟೊ' ಅಂತ ಒಂದು ಯಂತ್ರ ಮಾಡಿದ್ರು. ಅಂಗಡಿ ಮುಂದೆ ಗುಂಪು ಕಟ್ಟೋ ಹುಡುಗರನ್ನ ಓಡಿಸೋಕೆ, ಅವರಿಗೆ ಮಾತ್ರ ಕೇಳಿಸೋ, ದೊಡ್ಡವರಿಗೆ ಕೇಳಿಸದ ಕಿರಿಕಿರಿ ಸದ್ದು. ಹುಡುಗರು ಸುಮ್ಮನಿರ್ತಾರಾ? ಅದೇ ಸದ್ದನ್ನ ರಿಂಗ್‌ಟೋನ್ ಮಾಡ್ಕೊಂಡು, ಕ್ಲಾಸಿನಲ್ಲಿ ಮೇಷ್ಟ್ರ ಮೂಗಿನ ಕೆಳಗೇ ಫೋನ್ ಮೊಳಗಿಸಿದರು. ಸ್ಟೇಪಲ್ಟನ್‌ಗೆ 2006ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ನಗಿಸಿ, ಆಮೇಲೆ ಯೋಚನೆಗೆ ಹಚ್ಚೋ ಕೆಲಸಗಳಿಗೆ ಕೊಡೋ ಪ್ರಶಸ್ತಿ ಅದು.

ನಮ್ಮ ಹಜಾರದಲ್ಲೂ ಮೊದಲು ನಗುವೇ. ಸದ್ದು ಏರಿದ ಹಾಗೆ ಒಬ್ಬೊಬ್ಬರದೇ ಕೈ ಇಳೀತಾ ಬಂತು, ರೇಷನ್ ಕಾರ್ಡು ನೋಡಿ ಕರೆದ ಹಾಗೆ, ಹಿರಿತನದ ಪ್ರಕಾರವೇ. ಮೊದಲು ಅಪ್ಪ. ಆಮೇಲೆ ಅಮ್ಮ. ಆಮೇಲೆ ನನ್ನ ಗಂಡ, ನಾನು, ನನ್ನ ತಮ್ಮ. ಪಿಯುಸಿ ಓದೋ ಚಿಕ್ಕಪ್ಪನ ಮೊಮ್ಮಗ ಇನ್ನೂ ಹಿಡಿದಿದ್ದ. ಕೊನೆಗೆ ಮಗಳೊಬ್ಬಳೇ ಕಿವಿ ಮುಚ್ಚಿಕೊಂಡು ಮುಖ ಹಿಂಡ್ತಾ ಇದ್ದಳು, ನಮಗೆಲ್ಲ ಹಜಾರ ಪೂರ್ತಿ ನಿಶ್ಶಬ್ದ. 'ಅಮ್ಮಾ, ನೀನು ಕರೆಕ್ಟಾಗಿ ನಲವತ್ತೆರಡು!' ಅಂದಳು. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು.

ಅಪ್ಪನೂ ನಕ್ಕರು. ಆದರೆ ಒಂದು ಕ್ಷಣ ತಡವಾಗಿ. ಮಗಳು ಹೇಳಿದ್ದು ಕೇಳಿ ಅಲ್ಲ, ನಮ್ಮ ಮುಖ ನೋಡಿ.

ಅದನ್ನ ಕಂಡಮೇಲೆ ಬೇರೆಯದೂ ಕಾಣೋಕೆ ಶುರುವಾಯ್ತು. ಮಾತಾಡೋರ ತುಟಿಯನ್ನೇ ನೋಡ್ತಾ ಇರ್ತಾರೆ. ಮೊಮ್ಮಗಳು ಏನು ಹೇಳಿದ್ರೂ 'ಹೌದಾ ಪುಟ್ಟಾ' ಅಂತಾರೆ, ಅವಳು 'ತಾತ, ನಿಮ್ಮ ವಯಸ್ಸೆಷ್ಟು' ಅಂತ ಕೇಳಿದ್ರೂ 'ಹೌದಾ ಪುಟ್ಟಾ'. ಅಪ್ಪನಿಗೆ ಫೋನಲ್ಲಿ ಮಾತು ಕಮ್ಮಿ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ ಸಂಗತಿ. 'ಊಟ ಆಯ್ತಾ? ಸರಿ, ಅಮ್ಮನಿಗೆ ಕೊಡ್ತೀನಿ.' ಎರಡು ವರ್ಷದಿಂದ ನಮ್ಮಿಬ್ಬರ ಸಂಭಾಷಣೆ ಅಷ್ಟೇ. ಊಟ ಆಯ್ತಾ ಅಂತ ಕೇಳಿದ್ರೆ ಉತ್ತರ ಕೇಳಿಸಬೇಕಾಗಿಲ್ಲ, ಯಾರಾದ್ರೂ ಆಯ್ತು ಅಂತಾನೇ ಹೇಳೋದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಊರವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. 1960ರ ದಶಕದಿಂದ ನಡೀತಿರೋ ಜಾಗ. ಅಲ್ಲಿಗೆ ಹೋಗೋಣ ಅಂದೆ. 'ನನ್ನ ಕಿವಿ ಸರಿಯಾಗೇ ಇದೆ, ನೀವೆಲ್ಲ ಬಾಯೊಳಗೇ ಗೊಣಗ್ತೀರ' ಅಂದ್ರು ಅಪ್ಪ. ಬಸ್ ಟಿಕೆಟ್ಟಿಗೇ ಒಪ್ಪದ ಮನುಷ್ಯ, ಕಿವಿ ಮಿಷನ್‌ಗೆ ಒಪ್ಪೋದುಂಟಾ? ನಾನು ಬ್ಯಾಗು ತೆಗೆದು, ಒಳಜೇಬಿಂದ ಚೀಟಿ ತೆಗೆದು ಅವರ ಮುಂದಿಟ್ಟೆ.

ಅಪ್ಪ ಅದನ್ನ ಓದಿದರು. 'ಚಾಳೀಸಾ? ನಿನಗಾ?' ಅಂದ್ರು. ಬಹಳ ಹೊತ್ತು ನನ್ನನ್ನೇ ನೋಡಿದರು. ಮಗಳು ಯಾವಾಗ ಇಷ್ಟು ದೊಡ್ಡವಳಾದಳು ಅಂತ ಈಗ ಅವರು ಲೆಕ್ಕ ಹಾಕ್ತಾ ಇದ್ದ ಹಾಗಿತ್ತು. ಆಮೇಲೆ, ತೆಂಗಿನಕಾಯಿ ವ್ಯಾಪಾರಕ್ಕೆ ಕೂತವರ ಹಾಗೆ ಅಂದ್ರು: 'ಮಾಡಿಸಿಕೊಂಡಿದೀಯಾ?'

'ಇಲ್ಲ.'

'ನೀನು ಕನ್ನಡಕ ಹಾಕ್ಕೋ. ಆಮೇಲೆ ನನಗೆ ಹೇಳು.'

ಹಾಕ್ಕೊಂಡೆ. ಪ್ಲಸ್ ಒಂದೂಕಾಲು.

ಸಂಸ್ಥೆಯಲ್ಲಿ ಗಾಜಿನ ಕೋಣೆಯೊಳಗೆ ಅಪ್ಪನನ್ನ ಕೂರಿಸಿ ಸದ್ದು ಕೇಳಿಸಿದರು. ಕೇಳಿಸಿದಾಗೆಲ್ಲ ಬೆರಳೆತ್ತಬೇಕು. ಹೊರಗೆ ನಿಂತು ನೋಡ್ತಿದ್ದ ನನಗೆ, ಬೆರಳು ಏಳದೇ ಇದ್ದ ಹೊತ್ತೆಲ್ಲ ಉದ್ದ ಅನ್ನಿಸ್ತು. ಆಮೇಲೆ ಪರೀಕ್ಷೆ ಮಾಡಿದ ಹುಡುಗಿ ಹೇಳಿದಳು: ಸ್ವರಗಳು ಚೆನ್ನಾಗೇ ಕೇಳಿಸತ್ವೆ, ಸ, ತ, ಕ ಥರದ ಸಣ್ಣ ಸದ್ದುಗಳು ಕೈಕೊಡತ್ವೆ. ಹಾಗಾಗಿ ಯಾರೋ ಮಾತಾಡ್ತಿರೋದು ಗೊತ್ತಾಗತ್ತೆ, ಏನು ಅನ್ನೋದು ಗೊತ್ತಾಗಲ್ಲ. ತಟ್ಟೆ, ಕಟ್ಟೆ ಎರಡೂ ಒಂದೇ ಆಗಿಬಿಡತ್ವೆ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ನಮ್ಮ ಮನೆಯಲ್ಲಿ ಹೆಚ್ಚು ಮಾತಾಡೋರು ಅವರೇ.

ಮಿಷನ್ ಹಾಕ್ಕೊಂಡು ತಿಪಟೂರಿಗೆ ಬಂದ ಮೊದಲ ದಿನ ಅಪ್ಪನಿಗೆ ಎಲ್ಲದರ ಮೇಲೂ ದೂರು. ಪೇಪರ್ ಮಡಚಿದ್ರೆ ಪಟಾಕಿ ಹೊಡೆದ ಹಾಗಾಗತ್ತಂತೆ. ಅಮ್ಮನ ಚಪ್ಪಲಿ ಸದ್ದು ಮಾಡತ್ತಂತೆ. ಫ್ರಿಜ್ಜು ಕೆಟ್ಟಿದೆ, ಗುಂಯ್ ಅಂತಿದೆ, ರಿಪೇರಿಯವನನ್ನ ಕರೆಸು ಅಂತ ಗಲಾಟೆ. ಆ ಫ್ರಿಜ್ಜು ಹತ್ತು ವರ್ಷದಿಂದ ಹಾಗೇ ಗುಂಯ್ ಅಂತಿದೆ. ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತವರು ಸುಮಾರು ಹೊತ್ತು ಅಲ್ಲೇ ನಿಂತಿದ್ದರು. ಗಾಳಿಗೆ ತೆಂಗಿನ ಗರಿಗಳು ಒಂದಕ್ಕೊಂದು ತಾಗಿ ಸರಸರ ಅಂತಿದ್ವು.

'ಈ ನಡುವೆ ನಮ್ಮೂರಲ್ಲಿ ಗಾಳಿನೇ ಕಮ್ಮಿಯಾಗಿದೆ ಅಂದ್ಕೊಂಡಿದ್ದೆ ಕಣಮ್ಮ' ಅಂದ್ರು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದಕ್ಕೂ ಅನುಕೂಲವೇ ಅದು.

ಈಗ ರಾತ್ರಿ ಅಪ್ಪನೇ ಫೋನ್ ಮಾಡ್ತಾರೆ. ಕೊಬ್ಬರಿ ರೇಟು, ಪಕ್ಕದ ಮನೆಯವರ ಜಗಳ, ಮೊಮ್ಮಗಳ ಮಾರ್ಕ್ಸು, ಎಲ್ಲ ಸೇರಿ ಇಪ್ಪತ್ತು ನಿಮಿಷಕ್ಕೆ ಕಮ್ಮಿ ಇಲ್ಲ. ನಿನ್ನೆ ಆಫೀಸಿನಿಂದ ಬಂದು, ಫೋನನ್ನ ಕಿವಿಗೆ ಹಿಡಿದುಕೊಂಡೇ ಸೋಫಾದ ಮೇಲೆ ಕೂತೆ. ಆ ಕಡೆ ಮಾತು ನಿಂತಿತು.

'ಏನಮ್ಮಾ ಅದು, ಕೂರುವಾಗ ಅಮ್ಮಾ ಅಂದೆಯಲ್ಲ?'

'ಏನಿಲ್ಲಪ್ಪ.'

'ಏನಿಲ್ಲ ಏನು, ಸರಿಯಾಗಿ ಕೇಳಿಸ್ತು ನಂಗೆ. ಮೊಣಕಾಲಾ?' ಅಂದ್ರು. ನಾನು ಉತ್ತರ ಹುಡುಕುವಷ್ಟರಲ್ಲಿ, 'ವಯಸ್ಸಾಯ್ತು ಬಿಡು ನಿನಗೆ' ಅಂದು ಗಹಗಹಿಸಿ ನಕ್ಕರು. ಈ ಸಲ ನಗೋದರಲ್ಲಿ ಅವರೇ ಮೊದಲು, ನಾನು ಆಮೇಲೆ.